ಕೊಟ್ಟಿಗೆಯಲ್ಲಿ ತೆರೆಯದ ಪುಟ

ನಮ್ಮ ಆ್ಯಪ್ ತೆರೆಯಲು ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ಕೋಲಾರದ ನಮ್ಮ ಕಚೇರಿಯಲ್ಲಿ, ನನ್ನ ಫೋನಿನಲ್ಲಿ, ಅದು ಎರಡೇ ಸೆಕೆಂಡಿಗೆ ತೆರೆದುಕೊಳ್ಳುತ್ತಿತ್ತು. ಹಾಗಾಗಿ ನಲವತ್ತರ ಮಾತನ್ನು ನಾನು ಮೊದಲು ನಂಬಲಿಲ್ಲ. ಶ್ರೀನಿವಾಸಪುರದಲ್ಲಿ ನಡೆದ ಸಭೆಯಲ್ಲಿ ಕಾರ್ಯಕರ್ತೆಯೊಬ್ಬರು ತಮ್ಮ ಫೋನನ್ನು ನನ್ನ ಮುಂದಿಟ್ಟು, ಆ್ಯಪಿನ ಚಿತ್ರ ಒತ್ತಿ, ಎದ್ದು ಹೋಗಿ ನೀರು ಕುಡಿದು ಬಂದು ಕೂತರು. ಆಗಲೂ ಪರದೆ ಬೆಳ್ಳಗೇ ಇತ್ತು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆ ಉರಿಯುತ್ತಿತ್ತು.

ಆ ಆ್ಯಪನ್ನು ನಾವು ಮಾಡಿಕೊಟ್ಟಿದ್ದು ಹಸುಗಳ ಆರೋಗ್ಯ ನೋಡಿಕೊಳ್ಳುವ ಒಂದು ಖಾಸಗಿ ಸಂಸ್ಥೆಗೆ. ನಾವು ಎಂದರೆ ನಾನು ಮತ್ತು ಒಬ್ಬ ಸಹೋದ್ಯೋಗಿ, ಅಷ್ಟೆ. ಸಂಸ್ಥೆಯ ಕಾರ್ಯಕರ್ತೆಯರು ಬೆಳಗ್ಗೆ, ಸಂಜೆ ಹಳ್ಳಿಯ ಕೊಟ್ಟಿಗೆಗಳಿಗೆ ಹೋಗುತ್ತಾರೆ. ಹಸುವಿನ ಕಿವಿಯೋಲೆಯ ಸಂಖ್ಯೆ ಒತ್ತಿದರೆ ಅದರ ಜಾತಕವೆಲ್ಲ ಫೋನಿನಲ್ಲಿ ಬರುತ್ತದೆ. ಲಸಿಕೆ, ಗರ್ಭ, ಮೇವು, ನಕ್ಷೆ ಹೀಗೆ ಆ್ಯಪಿಗೆ ಹನ್ನೊಂದು ಭಾಗಗಳು. ತೊಂದರೆ ಇದ್ದದ್ದು ಅಲ್ಲೇ. ಯಾರಿಗೆ ಯಾವ ಭಾಗ ಬೇಕಿದ್ದರೂ ಹನ್ನೊಂದು ಭಾಗಗಳ ಕೋಡೂ ಒಟ್ಟಿಗೆ ಎದ್ದು ನಿಲ್ಲುತ್ತಿತ್ತು. ಒಂದು ಲೋಟ ಕಾಫಿ ಕಾಯಿಸಲು ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ಕೂತ ಹಾಗೆ. ಹೊಸ ಫೋನು ಇದನ್ನು ತಡೆದುಕೊಳ್ಳುತ್ತದೆ. ಕಾರ್ಯಕರ್ತೆಯರ ಕೈಯಲ್ಲಿದ್ದ ಫೋನುಗಳು ತಡೆಯಲಿಲ್ಲ.

ಇದಕ್ಕೆ ಮದ್ದು ಗೊತ್ತಿರುವಂಥದ್ದೇ. ಮೊದಲ ಪುಟಕ್ಕೆ ಬೇಕಾದ ಕೋಡನ್ನು ಮಾತ್ರ ಮೊದಲು ಕೊಡುವುದು. ಉಳಿದ ಭಾಗಗಳನ್ನು ಬೇರೆ ಬೇರೆ ತುಂಡುಗಳಾಗಿ ಮಾಡಿ ನಮ್ಮ ಸರ್ವರಿನಲ್ಲಿ ಇಡುವುದು. ಯಾರಾದರೂ ಒಂದು ಭಾಗವನ್ನು ಒತ್ತಿದಾಗಷ್ಟೇ ಅದರ ತುಂಡನ್ನು ತರಿಸುವುದು. ಒಮ್ಮೆ ಬಂದ ತುಂಡು ಫೋನಿನಲ್ಲೇ ಉಳಿಯುತ್ತದೆ, ಎರಡನೆಯ ಸಲ ತರಿಸಬೇಕಿಲ್ಲ. ಯಾವುದನ್ನು ಮೊದಲು ಇಡಬೇಕು, ಯಾವುದನ್ನು ತಡವಾಗಿ ತರಿಸಬೇಕು ಎಂಬುದೊಂದೇ ಉಳಿದ ಪ್ರಶ್ನೆ.

ಅದಕ್ಕೆ ನಾನು ಲಾಗ್ ತೆಗೆದು ಕೂತೆ. ಲಾಗ್ ಎಂದರೆ ಯಾರು, ಯಾವಾಗ, ಯಾವ ಭಾಗ ತೆರೆದರು ಎಂಬುದು ತಾನಾಗಿಯೇ ದಾಖಲಾಗುವ ಪಟ್ಟಿ. ಹಸುಗಳ ಪಟ್ಟಿ ಮತ್ತು ಲಸಿಕೆ ದಿನವೂ ತೆರೆಯುತ್ತಿದ್ದವು. ಎಲ್ಲಕ್ಕಿಂತ ಕೆಳಗೆ ಇದ್ದದ್ದು ತುರ್ತು ಚಿಕಿತ್ಸೆಯ ಭಾಗ. ತಿಂಗಳುಗಟ್ಟಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಮೇಲಿನ ಎರಡನ್ನು ಮೊದಲ ಪುಟದ ಜೊತೆ ಇಟ್ಟು, ಮಿಕ್ಕ ಒಂಬತ್ತನ್ನೂ ತಡವಾಗಿ ತರಿಸುವ ಸಾಲಿಗೆ ದೂಡಿದೆ. ಲೆಕ್ಕ ಚೊಕ್ಕವಾಗಿತ್ತು. ನನಗೆ ನನ್ನ ಮೇಲೆ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಹೊಸ ಆ್ಯಪ್ ಅದೇ ಹಳೆಯ ಫೋನುಗಳಲ್ಲಿ ನಾಲ್ಕು ಸೆಕೆಂಡಿಗೆ ತೆರೆಯಿತು. ನೀರು ಕುಡಿದು ಬಂದಿದ್ದ ಕಾರ್ಯಕರ್ತೆಯೇ ಫೋನ್ ಮಾಡಿ ಹೊಗಳಿದರು. ಸಂಸ್ಥೆಯ ಸಂಯೋಜಕರು ತಿಂಡಿ ಕೊಡಿಸಿದರು. ಮೂರು ವಾರ ನಾನು ಮಾಲೂರಿನಿಂದ ಕೋಲಾರಕ್ಕೆ ಬಸ್ಸಿನಲ್ಲಿ ಬರುವಾಗ ಕಿಟಕಿ ಪಕ್ಕ ಕೂತು ಆರಾಮವಾಗಿ ನಿದ್ದೆ ಮಾಡಿದೆ.

ನಾಲ್ಕನೆಯ ವಾರ ಸಂಯೋಜಕರು ಕರೆಸಿದರು. ಮೇಜಿನ ಮೇಲೆ ಒಂದು ಔಷಧದ ಚೀಲ, ಒಂದು ಫೋನು. ಎರಡೂ ಮುಳಬಾಗಿಲು ತಾಲ್ಲೂಕಿನ ತಾಯಲೂರು ಕಡೆಯ ಒಬ್ಬ ಕಾರ್ಯಕರ್ತೆಯವು. ಅವರಿಂದ ವಾಪಸು ತೆಗೆದುಕೊಂಡಿದ್ದರು.

ನಡೆದದ್ದು ಇಷ್ಟು. ಒಬ್ಬ ಮುದುಕಿಯ ಮನೆಯಲ್ಲಿ ಇದ್ದ ಒಂದೇ ಸೀಮೆ ಹಸು ಹಸಿ ಮೇವು ಜಾಸ್ತಿ ತಿಂದು ಹೊಟ್ಟೆ ಉಬ್ಬರಿಸಿಕೊಂಡಿತ್ತು. ಸಂಜೆ ಆ ಬೀದಿಯಲ್ಲೇ ಇದ್ದ ಕಾರ್ಯಕರ್ತೆಯನ್ನು ಕರೆದರು. ಇಂಥ ಹೊತ್ತಿಗೆ ಸಂಸ್ಥೆಯದೊಂದು ಕಟ್ಟುನಿಟ್ಟು ಇತ್ತು. ಆ್ಯಪಿನ ತುರ್ತು ಭಾಗ ತೆರೆದು, ಅದು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರಿಸಬೇಕು. ಎಡಗಡೆ ಉಬ್ಬಿದೆಯೇ, ಹಸು ನಿಂತಿದೆಯೇ, ಬಿದ್ದಿದೆಯೇ. ಕೊನೆಗೆ ಹಸಿರು ಗುರುತು ಬಂದರೆ ಮಾತ್ರ ಎಣ್ಣೆಯ ಔಷಧ ಕುಡಿಸಬೇಕು. ಹಿಂದೆಲ್ಲೋ ಅಡ್ಡ ಬಿದ್ದ ಹಸುವಿಗೆ ಕುಡಿಸಿ, ಎಣ್ಣೆ ಶ್ವಾಸಕೋಶಕ್ಕೆ ಹೋಗಿ ಅನಾಹುತವಾಗಿದ್ದರಿಂದ ಬಂದ ನಿಯಮ. ಈ ಕಾರ್ಯಕರ್ತೆ ಹಸಿರು ಗುರುತಿಲ್ಲದೆ ಕುಡಿಸಿದ್ದರು. ಹಸು ಸತ್ತಿತ್ತು.

ಒತ್ತಿದೆ, ಅದು ತೆರೆಯಲಿಲ್ಲ, ಕಾದೆ, ಆಮೇಲೆ ಬೇರೆ ದಾರಿ ಕಾಣದೆ ಕುಡಿಸಿದೆ ಎಂದು ಆಕೆ ಹೇಳುತ್ತಿದ್ದರು. ಸಂಯೋಜಕರು ಅವರ ಫೋನನ್ನು ಸಂಸ್ಥೆಯ ಕೋಲಾರದ ಕಚೇರಿಗೆ ತರಿಸಿ, ಎಲ್ಲರ ಮುಂದೆ ತುರ್ತು ಭಾಗ ಒತ್ತಿ ನೋಡಿದ್ದರು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದಿತ್ತು. ನಾನು ಲಾಗ್ ನೋಡಿದೆ. ಆ ಸಂಜೆ ತುರ್ತು ಭಾಗದ ಎದುರಿಗೆ ಏನೂ ಇರಲಿಲ್ಲ. ವೈದ್ಯರಿಗೆ ಕರೆ ಮಾಡಿದ ಗುರುತೂ ಅವರ ಫೋನಿನಲ್ಲಿ ಇರಲಿಲ್ಲ.

"ನೀವೇ ಟ್ರೈನಿಂಗಲ್ಲಿ ಹೇಳಿದ್ರಲ್ಲ ಮೇಡಂ, ಮನುಷ್ಯರು ಮರೀಬಹುದು, ಲಾಗ್ ಮರೆಯಲ್ಲ ಅಂತ," ಎಂದರು ಸಂಯೋಜಕರು.

ಹೇಳಿದ್ದೆ. ಮೈಕು ಹಿಡಿದು ಹೇಳಿದ್ದೆ. ಈಗಲೂ ತಲೆಯಾಡಿಸಿದೆ. ಆಕೆ ಗಾಬರಿಯಲ್ಲಿ ಒತ್ತುವುದನ್ನು ಮರೆತು, ಈಗ ತಪ್ಪಿಸಿಕೊಳ್ಳಲು ಆ್ಯಪಿನ ಮೇಲೆ ಹಾಕುತ್ತಿದ್ದಾರೆ ಎಂದೇ ನನಗೂ ಅನಿಸಿತು. ಸಿಟ್ಟೂ ಬಂತು. ಕಷ್ಟಪಟ್ಟು ನಾಲ್ಕು ಸೆಕೆಂಡಿಗೆ ತಂದ ಆ್ಯಪಿನ ಮೇಲೆ ಇಂಥ ಮಾತೇ ಎಂದು. ಹದಿನೈದು ದಿನದಲ್ಲಿ ವರದಿ ಕೊಡಿ, ಅದನ್ನು ನೋಡಿ ಅವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುತ್ತೇವೆ ಎಂದರು ಸಂಯೋಜಕರು.

ವರದಿಗಾಗಿಯಾದರೂ ಪರೀಕ್ಷೆ ಮಾಡಲೇಬೇಕಿತ್ತು. ನನ್ನ ಫೋನಿನಲ್ಲಿ ತುರ್ತು ಭಾಗ ಒತ್ತಿದೆ, ತೆರೆಯಿತು. ಸಹೋದ್ಯೋಗಿಯ ಫೋನಿನಲ್ಲೂ ತೆರೆಯಿತು. ಕಾರ್ಯಕರ್ತೆಯ ಫೋನಿನಲ್ಲಿ ಐವತ್ತು ಸಲ ಒತ್ತಿದೆ, ಐವತ್ತು ಸಲವೂ ತೆರೆಯಿತು. ಆಗ ನನಗೆ ಹೊಳೆದದ್ದು, ಹೊಳೆದು ಕೈಕೈ ಹಿಸುಕಿಕೊಂಡದ್ದು ಒಂದು ವಿಷಯ. ಸಂಯೋಜಕರು ಕಚೇರಿಯ ವೈಫೈಯಲ್ಲಿ ಮೊದಲ ಸಲ ಒತ್ತಿದಾಗಲೇ ಆ ತುಂಡು ಫೋನಿಗೆ ಬಂದು ಕೂತಿತ್ತು. ಅದಕ್ಕೆ ಮುಂಚೆ ಅದು ಫೋನಿನಲ್ಲಿ ಇತ್ತೋ ಇಲ್ಲವೋ ತಿಳಿಯುವ ದಾರಿಯೇ ಮುಚ್ಚಿಹೋಗಿತ್ತು. ಪರೀಕ್ಷೆ ಮಾಡಿದವರೇ ಸಾಕ್ಷಿಯನ್ನು ಅಳಿಸಿದ್ದರು.

ಹಳ್ಳಿಯಲ್ಲಿ ಸಿಗ್ನಲ್ ಇಲ್ಲದೆ ತುಂಡು ಬಂದಿರಲಿಕ್ಕಿಲ್ಲ ಎಂದುಕೊಂಡೆ. ಮುಳಬಾಗಿಲಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದು ಹಳ್ಳಿ ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಸಿಗ್ನಲ್ ನಮ್ಮ ಕಚೇರಿಗಿಂತ ಚೆನ್ನಾಗಿತ್ತು. ಮುದುಕಿಯ ಕೊಟ್ಟಿಗೆಯೊಳಗೆ ನಿಂತು, ನನ್ನ ಫೋನಿನಲ್ಲಿದ್ದ ಆ್ಯಪನ್ನು ಪೂರ್ತಿ ಅಳಿಸಿ, ಹೊಸದಾಗಿ ಹಾಕಿ, ತುರ್ತು ಭಾಗ ಒತ್ತಿದೆ. ತೆರೆಯಿತು. ಹಸು ಕಟ್ಟುತ್ತಿದ್ದ ಗೂಟ, ಹಗ್ಗ ಇನ್ನೂ ಹಾಗೇ ಇದ್ದವು.

ಕಾರ್ಯಕರ್ತೆಯ ಮನೆ ಎರಡು ಬೀದಿ ಆಚೆಗೆ. ನಲವತ್ತೈದರ ಆಸುಪಾಸಿನ ಹೆಂಗಸು. ಊರಿನವರು ಅವರನ್ನು ತಮಾಷೆಗೂ ಪ್ರೀತಿಗೂ ಡಾಕ್ಟ್ರಮ್ಮ ಎಂದು ಕರೆಯುತ್ತಿದ್ದರಂತೆ. ಚೀಲ ಕಿತ್ತುಕೊಂಡ ಮೇಲೆ ಕರೆಯುವುದು ನಿಲ್ಲಿಸಿದ್ದರು. ಹಸುವನ್ನು ಕೊಂದವಳು ಎಂದು ಬಾಯಿಬಿಟ್ಟು ಯಾರೂ ಅಂದಿರಲಿಲ್ಲ, ಆದರೆ ಯಾವ ಕೊಟ್ಟಿಗೆಗೂ ಕರೆದಿರಲಿಲ್ಲ. ನಾನು ಬಂದ ಕೆಲಸ ಹೇಳಿದಾಗ ಆಕೆ ರಾಗಿ ಕೇರುತ್ತಿದ್ದ ಮೊರ ಕೆಳಗಿಡಲಿಲ್ಲ.

"ನಾನು ಒತ್ತಿದೀನಿ ಮೇಡಂ. ಚಕ್ರ ತಿರುಗ್ತಾ ಇತ್ತು, ತಿರುಗ್ತಾನೇ ಇತ್ತು. ಒಂದು ಹಸು ಕರ್ದು ಮುಗ್ಸೋ ಅಷ್ಟು ಹೊತ್ತು ನೋಡ್ಕೊಂಡು ನಿಂತಿದ್ದೆ. ನಿಮ್ ರೂಲ್ಸಿಗೋಸ್ಕರ ನಿಂತಿದ್ದೆ. ಇಲ್ದೇ ಹೋಗಿದ್ರೆ ಹೋದ ತಕ್ಷಣ ಗೊಟ್ಟ ತಗೊಂಡು ಕುಡಿಸ್ಬಿಡ್ತಿದ್ದೆ."

ಗೊಟ್ಟ ಎಂದರೆ ದನಗಳಿಗೆ ಔಷಧ ಕುಡಿಸುವ ಬಿದಿರಿನ ಕೊಳವೆ. ತಮ್ಮ ತಾಯಿಯ ಕಾಲದ ಗೊಟ್ಟ ಅವರ ಮನೆಯ ಗೋಡೆಗೆ ತೂಗುಹಾಕಿತ್ತು. ಫೋನು ಕೆಟ್ಟು ನಿಂತಿತು ಎಂದುಕೊಂಡು ಅದನ್ನು ಗೋಡೆಯ ಮೇಲಿಟ್ಟು, ಮುದುಕಿಯ ಫೋನಿನಿಂದಲೇ ವೈದ್ಯರಿಗೆ ಕರೆ ಮಾಡಿದೆ ಎಂದರು. ವೈದ್ಯರು ತಾಲ್ಲೂಕಿನ ಇನ್ನೊಂದು ತುದಿಯಲ್ಲಿದ್ದರು. ಅವರು ಬರುವವರೆಗೆ ಕಾಯಲಾಗದೆ, ಹಸು ಇನ್ನೂ ನಿಂತಿರುವಾಗಲೇ ಔಷಧ ಕುಡಿಸಿದ್ದರು. ಅದಾದ ಮೇಲೆ ಹಸು ಬಿದ್ದಿತು.

ಮುದುಕಿಯ ಫೋನು ಇಸಿದುಕೊಂಡು ನೋಡಿದೆ. ವೈದ್ಯರಿಗೆ ಹೋದ ಕರೆ ಅದರಲ್ಲಿತ್ತು. ಅಲ್ಲಿಗೆ ನನ್ನ ಅನುಮಾನದ ಒಂದು ಕಾಲು ಮುರಿಯಿತು. ಆದರೆ ಲಾಗ್? ಒತ್ತಿದ್ದರೆ ಲಾಗ್‌ನಲ್ಲಿ ಯಾಕೆ ಇಲ್ಲ?

ಕೋಲಾರಕ್ಕೆ ವಾಪಸು ಬಂದು ನನ್ನದೇ ಕೋಡನ್ನು ಸಾಲು ಸಾಲಾಗಿ ಓದಿದೆ. ಉತ್ತರ ಸಿಕ್ಕಾಗ ಕುರ್ಚಿಯಿಂದ ಎದ್ದು ಹೊರಗೆ ಹೋಗಿ ನಿಂತೆ. 'ತುರ್ತು ಭಾಗ ತೆರೆಯಿತು' ಎಂದು ಲಾಗ್‌ಗೆ ಬರೆಯುವ ಸಾಲನ್ನು ನಾನು ಇಟ್ಟಿದ್ದದ್ದು ತುರ್ತು ಭಾಗದ ತುಂಡಿನ ಒಳಗೇ. ತುಂಡು ಬಂದರೆ ತಾನೇ ಬರೆಯುವುದು? ಬರದಿದ್ದರೆ ಬರೆಯುವವರೇ ಇಲ್ಲ. ಹಳೆಯ ಆ್ಯಪಿನಲ್ಲಿ ಎಲ್ಲವೂ ಒಟ್ಟಿಗೆ ಬರುತ್ತಿದ್ದುದರಿಂದ ಇದು ತಪ್ಪಾಗಿರಲಿಲ್ಲ. ತುಂಡು ಮಾಡಿದ ದಿನದಿಂದ ತಪ್ಪಾಗಿತ್ತು. ಇನ್ನೂ ಒಂದು ಕಂಡಿತು. ತುಂಡು ಬರದಿದ್ದರೆ ಸುಮ್ಮನೆ ಮತ್ತೆ ಮತ್ತೆ ಪ್ರಯತ್ನಿಸಲಿ, ಅಲ್ಲಿಯವರೆಗೆ ಚಕ್ರ ತಿರುಗಲಿ ಎಂದು ಬರೆದಿದ್ದೆ. ಬರುತ್ತಿಲ್ಲ ಎಂದು ಹೇಳುವ ಒಂದು ವಾಕ್ಯವನ್ನೂ ಬರೆದಿರಲಿಲ್ಲ. ಬಳಸುವವರಿಗೆ ಗಾಬರಿಯಾಗಬಾರದು ಎಂಬ ಜಾಣತನ.

ಇಷ್ಟಾದರೂ ತುಂಡು ಯಾಕೆ ಬರಲಿಲ್ಲ ಎಂಬುದು ಹಾಗೇ ಉಳಿಯಿತು. ಸಿಗ್ನಲ್ ಇತ್ತು. ಸರ್ವರ್ ಆ ಸಂಜೆ ನಿಂತಿರಲಿಲ್ಲ. ಕರೆ ಕೆಲಸ ಮಾಡಿತ್ತು. ನಾಲ್ಕು ದಿನ ಕಳೆದವು. ಸಹೋದ್ಯೋಗಿ, ಇದನ್ನು ಸರಿಪಡಿಸಿ ಹೊಸ ಆ್ಯಪ್ ಕಳಿಸಿಬಿಡೋಣ, ವರದಿಯಲ್ಲಿ ಲಾಗ್ ಇಲ್ಲ ಎಂದಷ್ಟೇ ಬರೆಯೋಣ, ಸುಳ್ಳೇನೂ ಅಲ್ಲವಲ್ಲ ಎಂದ. ನಿಜಕ್ಕೂ ಅದು ಸುಳ್ಳಾಗಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಮತ್ತೆ ಹಳ್ಳಿಗೆ ಹೋದೆ. ಈ ಸಲ, ಹಸು ಉಬ್ಬರಿಸಿಕೊಂಡ ಹೊತ್ತಿಗೇ ಅಲ್ಲಿರಬೇಕು ಎಂದು ಸಂಜೆಗೆ ಹೋದೆ. ಕಾರ್ಯಕರ್ತೆಗೆ ನನ್ನನ್ನು ಕಂಡು ಖುಷಿಯೇನೂ ಆಗಲಿಲ್ಲ. ಕೂರಲು ಚಾಪೆ ಹಾಕಿ, ತಮ್ಮ ಹಸು ಕರೆಯಲು ಪಾತ್ರೆ ತೆಗೆದುಕೊಂಡು ಹೊರಟರು. ಸುಮ್ಮನೆ ಹಿಂದೆ ಹೋದೆ. ಕೊಟ್ಟಿಗೆಯ ಬಾಗಿಲಲ್ಲಿ ಆಕೆ ನಿಂತರು. ಸಂಸ್ಥೆಯ ಫೋನು ಹೋದ ಮೇಲೆ ಇಟ್ಟುಕೊಂಡಿದ್ದ ಹಳೆಯ ಫೋನನ್ನು ಸೊಂಟದ ಚೀಲದಿಂದ ತೆಗೆದು, ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು, ಏನೋ ಒತ್ತಿ, ಮತ್ತೆ ಚೀಲಕ್ಕೆ ಹಾಕಿ, ಚಪ್ಪಲಿ ಬಿಟ್ಟು ಒಳಗೆ ಹೋದರು. ಎಲ್ಲ ಒಂದೇ ಉಸಿರಿಗೆ.

"ಅಕ್ಕಾ, ಈಗ ಫೋನಿಗೆ ಏನ್ ಮಾಡಿದ್ರಿ?" ಎಂದೆ.

"ವಿಮಾನ ಹಾಕ್ದೆ."

"ಯಾಕೆ?"

ಚಪ್ಪಲಿ ಯಾಕೆ ಬಿಟ್ಟಿರಿ ಎಂದು ಕೇಳಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಕರೆಯೋ ಹೊತ್ತಲ್ವಾ? ಫೋನು ಬಡ್ಕೊಂಡ್ರೆ ಹಸು ಸೊರ ಬಿಡಲ್ಲ, ಒದ್ದುಬಿಡ್ತದೆ. ಸೈಲೆಂಟ್ ಹಾಕಿದ್ರೂ ಗುರ್ ಅಂತದೆ. ನಾವೆಲ್ಲಾ ಹಂಗೇ. ಕರೆಯೋ ಹೊತ್ತಲ್ಲಿ ಯಾರ್ ಮನೆ ಕೊಟ್ಟಿಗೆಗೆ ಹೋದ್ರೂ ಬಾಗಿಲಲ್ಲೇ ವಿಮಾನ ಹಾಕ್ಬಿಡೋದು."

ಸೊರ ಬಿಡುವುದು ಎಂದರೆ ಹಸು ಕೆಚ್ಚಲಿಗೆ ಹಾಲು ಇಳಿಸುವುದು. ವಿಮಾನ ಎಂದರೆ ಫೋನಿನ ಫ್ಲೈಟ್ ಮೋಡ್. ಅದನ್ನು ಹಾಕಿದರೆ ಕರೆಯೂ ಇಲ್ಲ, ಇಂಟರ್ನೆಟ್ಟೂ ಇಲ್ಲ.

"ಅವತ್ತೂ ಹಾಕಿದ್ರಾ?"

"ಹಾಕ್ದೇ ಇರ್ತೀನಾ? ಪಕ್ಕದ ಅಂಕಣ ಆಚೆ ಮನೆಯವರದು, ಅವರ ಸೊಸೆ ಹಸು ಕರೀತಾ ಕೂತಿದ್ಲು."

ನನ್ನ ಫೋನಿನ ಆ್ಯಪನ್ನು ಅಳಿಸಿ ಹೊಸದಾಗಿ ಹಾಕಿದೆ, ವಿಮಾನ ಒತ್ತಿದೆ, ಕೊಟ್ಟಿಗೆಯೊಳಗೆ ಕಾಲಿಟ್ಟು ತುರ್ತು ಭಾಗ ಒತ್ತಿದೆ. ಚಕ್ರ ಬಂತು. ತಿರುಗತೊಡಗಿತು. ಆಕೆ ಕರೆಯುವುದು ನಿಲ್ಲಿಸದೆ ಕತ್ತು ಮಾತ್ರ ತಿರುಗಿಸಿ ನೋಡಿದರು.

"ಅದೇ," ಎಂದರು. "ಅದೇ ಚಕ್ರ."

ಪಾತ್ರೆ ತುಂಬುವವರೆಗೂ ನಾನು ಅದನ್ನೇ ನೋಡುತ್ತಾ ನಿಂತೆ. ಹಳೆಯ ಆ್ಯಪ್ ನಿಧಾನವಾಗಿ ತೆರೆಯುತ್ತಿತ್ತು, ಆದರೆ ಎಲ್ಲವೂ ಫೋನಿನೊಳಗೇ ಇದ್ದುದರಿಂದ ವಿಮಾನ ಹಾಕಿದರೂ ತೆರೆಯುತ್ತಿತ್ತು. ಹಾಗಾಗಿ ಇಂಟರ್ನೆಟ್ ಬೇಕು ಎಂದು ಆಕೆಗೆ ಅನಿಸುವ ಕಾರಣವೇ ಇರಲಿಲ್ಲ. ನಾವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮೊದಲ ಸಲ ಹೋದಾಗ ಮಧ್ಯಾಹ್ನದಲ್ಲಿ ಖಾಲಿ ಕೊಟ್ಟಿಗೆಯಲ್ಲಿ ನಿಂತು ಪರೀಕ್ಷೆ ಮಾಡಿ ಬಂದವಳು ನಾನು. ಹಸು ಕರೆಯುವ ಹೊತ್ತಿಗೆ ಕೊಟ್ಟಿಗೆ ಹೇಗಿರುತ್ತದೆ ಎಂದು ನೋಡದೆಯೇ ಕೊಟ್ಟಿಗೆಗೆ ಆ್ಯಪ್ ಮಾಡಿದ್ದೆ. ನನಗೆ ಅಳು ಬಂತು, ಆದರೆ ಅಲ್ಲಿ ಅಳುವ ಹಕ್ಕು ನನಗಿಲ್ಲ ಅನಿಸಿತು.

ಕೋಡು ಸರಿಪಡಿಸಲು ಹಿಡಿದದ್ದು ಮೂರು ದಿನ. ತಡವಾಗಿ ತರಿಸುವುದನ್ನು ಪೂರ್ತಿ ಬಿಟ್ಟುಬಿಡೋಣ ಎಂದ ಸಹೋದ್ಯೋಗಿ. ಬೇಡ ಎಂದೆ, ನಲವತ್ತು ಸೆಕೆಂಡೂ ಹಸುವಿಗೆ ಒಳ್ಳೆಯದಲ್ಲ. ಬದಲಿಸಿದ್ದು ಅಳತೆಗೋಲನ್ನು. ಎಷ್ಟು ಸಲ ಬಳಸುತ್ತಾರೆ ಎಂದು ನೋಡುವ ಬದಲು, ಬರದಿದ್ದರೆ ಏನಾಗುತ್ತದೆ ಎಂದು ನೋಡಿದೆವು. ಹಾಗೆ ನೋಡಿದಾಗ ಪಟ್ಟಿ ತಲೆಕೆಳಗಾಯಿತು. ತುರ್ತು ಭಾಗ ಮೊದಲ ಪುಟದ ಜೊತೆಯಲ್ಲೇ ಬಂತು. ಅದರೊಳಗಿದ್ದ ಚಿತ್ರ, ಅಲಂಕಾರಗಳನ್ನೆಲ್ಲ ತೆಗೆದು ಬರೀ ಪ್ರಶ್ನೆಗಳನ್ನು ಇಟ್ಟೆವು. ಉಳಿದ ಭಾಗಗಳು ಬೆಳಗ್ಗೆ ಡೇರಿಯ ಬಳಿ ನೆಟ್‌ವರ್ಕ್ ಇರುವಾಗ ಸದ್ದಿಲ್ಲದೆ ಫೋನಿಗೆ ಇಳಿದು ಕೂರುತ್ತವೆ, ಒತ್ತಿದಾಗ ಮಾತ್ರ ಎದ್ದು ಕೆಲಸಕ್ಕೆ ಬರುತ್ತವೆ. ಬೆರಳು ಸೋಕಿದ ಕೂಡಲೇ, ಮಿಕ್ಕಿದ್ದೇನೇ ಬರಲಿ ಬಿಡಲಿ, ಒತ್ತಿದರು ಎಂದು ಲಾಗ್‌ನಲ್ಲಿ ಬೀಳುತ್ತದೆ. ಹೊಸ ಆ್ಯಪ್ ಆರು ಸೆಕೆಂಡು ತೆಗೆದುಕೊಂಡಿತು. ಆ ಎರಡು ಸೆಕೆಂಡಿನ ಬಗ್ಗೆ ಯಾರೂ ದೂರಲಿಲ್ಲ.

ವರದಿ ಬರೆಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಲಾಗ್ ಸುಳ್ಳು ಹೇಳಿತು ಎಂದು ಬರೆದೆ. ಯಾಕೆ, ಯಾರಿಂದ ಎಂದೂ ಬರೆದೆ. ಸಹೋದ್ಯೋಗಿ ಓದಿ ಒಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಸಂಯೋಜಕರು ಓದಿ, ಇದನ್ನು ಮೇಲಿನವರಿಗೆ ಕಳಿಸಿದರೆ ನಿಮಗೇ ಕಷ್ಟ ಎಂದರು. ಕಳಿಸಿ ಎಂದೆ. ಸಂಸ್ಥೆಯವರು ಆ ಆ್ಯಪನ್ನು ಇಟ್ಟುಕೊಂಡರು, ಆದರೆ ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಕಾರ್ಯಕರ್ತೆಗೆ ಚೀಲ, ಫೋನು ಎರಡೂ ವಾಪಸು ಸಿಕ್ಕವು.

ನಾನೇ ಕೊಂಡೊಯ್ದು ಕೊಟ್ಟೆ. ಆಕೆ ಚೀಲ ಬಿಚ್ಚಿ ಬಾಟಲಿಗಳನ್ನು ನೋಡಿ, ಆ ದಿನದ ಲಾಗ್ ತೋರಿಸಿ ಎಂದರು. ತುರ್ತು ಭಾಗದ ಎದುರಿಗೆ ಈಗಲೂ ಖಾಲಿ. ಹಳೆಯ ದಾಖಲೆಯನ್ನು ತಿದ್ದಲು ಬರುವುದಿಲ್ಲ, ಪಕ್ಕದಲ್ಲಿ ಟಿಪ್ಪಣಿ ಬರೆಯಬಹುದು ಅಷ್ಟೆ ಎಂದೆ. ಹಾಗಾದರೆ ಬರೆಯಿರಿ ಎಂದರು. ಅವರ ಎದುರಿಗೇ ಬರೆದೆ: ಈ ಸಂಜೆ ಕಾರ್ಯಕರ್ತೆ ಒತ್ತಿದ್ದರು, ತೆರೆಯದಂತೆ ಮಾಡಿದ್ದು ನಾವು.

ಆಕೆ ಎರಡು ಸಲ ಓದಿದರು. ಆಮೇಲೆ ನನ್ನನ್ನು ಎಬ್ಬಿಸಿಕೊಂಡು ನೇರವಾಗಿ ಮುದುಕಿಯ ಮನೆಗೆ ನಡೆದರು. ಬೀದಿಯಲ್ಲಿ ಇಬ್ಬರು ಮೂವರು ಹೆಂಗಸರು ಚೀಲವನ್ನು ನೋಡಿದರು. ಮುದುಕಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಇದನ್ನ ಅವ್ವನಿಗೆ ಓದಿ ಹೇಳಮ್ಮ," ಎಂದರು ಕಾರ್ಯಕರ್ತೆ. ಅಷ್ಟು ದಿನದ ಮೇಡಂ ಅಂದು ಹೋಗಿತ್ತು.

ಓದಿದೆ. ಮುದುಕಿ ಸುಲಿಯುವುದು ನಿಲ್ಲಿಸಿ ತೆಲುಗಿನಲ್ಲಿ ಕಾರ್ಯಕರ್ತೆಯನ್ನು ಏನೋ ಕೇಳಿದರು. ನಾವು ಅಂತಿದಾಳಲ್ಲ, ಅದು ಯಾರು ಎಂದು ಕೇಳುತ್ತಿದ್ದಾರೆ ಎಂದರು ಕಾರ್ಯಕರ್ತೆ.

"ನಾನು," ಎಂದೆ.

ಮುದುಕಿ ನನ್ನ ಕಡೆ ತಿರುಗಿದರು. ಬೇಗ ಕುಡಿಸಿದ್ದರೆ ನನ್ನ ಹಸು ಉಳಿಯುತ್ತಿತ್ತೇ ಎಂದು ಕನ್ನಡದಲ್ಲೇ ಕೇಳಿದರು. ವೈದ್ಯರನ್ನು ನಾನೂ ಅದನ್ನೇ ಕೇಳಿದ್ದೆ, ಹೇಳಲಾಗದು ಎಂದಿದ್ದರು. ನಾನೂ ಗೊತ್ತಿಲ್ಲ ಎಂದೇ ಹೇಳಿದೆ. ಕಾರ್ಯಕರ್ತೆ ಚೀಲವನ್ನು ಹೆಗಲಿನಿಂದ ಇಳಿಸಿ ಜಗಲಿಯ ಮೇಲಿಟ್ಟರು. ಮುದುಕಿ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ನನಗೂ ಜಾಗ ಮಾಡಿದರು.

"ಕೂತ್ಕೋ ತಲ್ಲಿ," ಎಂದರು, ತಾಯಿ ಎನ್ನುವುದನ್ನು ತೆಲುಗಿನಲ್ಲೇ. "ಹಾಲಿದ್ದಿದ್ರೆ ಕಾಫಿ ಕೊಡ್ತಿದ್ದೆ."

ನಾನು ಕೂತೆ.